ಮೈಕು ಇಲ್ಲದ ಆರ್ಕೆಸ್ಟ್ರಾ

ಆರ್ಕೆಸ್ಟ್ರಾ ಎಂಬ ಪದಕ್ಕೆ ನಮ್ಮ ಹುಲಿಕುಂಟೆ ಕಡೆ ಒಂದೇ ಅರ್ಥ. ಗಣೇಶನ ಹಬ್ಬ ಕಳೆದು ನಾಲ್ಕಾರು ದಿನಕ್ಕೆ ಶಿರಾದಿಂದಲೋ ತುಮಕೂರಿನಿಂದಲೋ ಒಂದು ವ್ಯಾನು ಬರುತ್ತದೆ. ಅದರಿಂದ ಮೊದಲು ಇಳಿಯುವುದು ಆಳೆತ್ತರದ ಸ್ಪೀಕರು ಡಬ್ಬಗಳು. ಆಮೇಲೆ ಕೀಬೋರ್ಡು, ಡ್ರಮ್ಮು, ಬಣ್ಣದ ದೀಪ. ಕಟ್ಟಕಡೆಗೆ ಹಾಡುವವರು. ರಾತ್ರಿ ಹತ್ತಕ್ಕೆ ಶುರುವಾದರೆ ರಾಜ್‌ಕುಮಾರ್ ಹಾಡಿನಿಂದ ಹಿಡಿದು ಮೊನ್ನೆ ಬಿಡುಗಡೆಯಾದ ಚಿತ್ರದ ಹಾಡಿನವರೆಗೆ ಎಲ್ಲವೂ ಆಗಬೇಕು. ಅದು ಸುತ್ತಲಿನ ಮೂರು ಹಳ್ಳಿಗೆ ಕೇಳಬೇಕು. ಮೂರು ಹಳ್ಳಿಗೆ ಕೇಳದಿದ್ದರೆ ಅದೆಂಥ ಆರ್ಕೆಸ್ಟ್ರಾ?

ಹಾಗಾಗಿ ಆವತ್ತು ಬಸ್ಸಿಗೆ ಕಾಯುತ್ತಿದ್ದಾಗ, ‘ಎತ್ಲಾಗೆ ಸವಾರಿ?’ ಎಂದು ಕೇಳಿದ ಹಳೆಯ ಗೆಳೆಯನಿಗೆ ‘ಬೆಂಗಳೂರಿಗೆ, ಆರ್ಕೆಸ್ಟ್ರಾ ಕೇಳೋದಕ್ಕೆ’ ಎಂದದ್ದು ನನ್ನ ತಪ್ಪು. ಅವನು ನನ್ನ ನರೆತ ತಲೆಯನ್ನು ಒಮ್ಮೆ ನೋಡಿದ. ‘ಎಲ್ಲಿ, ಪ್ಯಾಲೇಸ್ ಗ್ರೌಂಡ್ಸಾಗಾ?’ ಎಂದ. ‘ಇಲ್ಲ, ಚರ್ಚಿನಲ್ಲಿ’ ಎಂದೆ. ‘ಚರ್ಚಿನಾಗೆ ಆರ್ಕೆಸ್ಟ್ರಾನಾ? ಪಾದ್ರಿಗಳು ಬಯ್ಯಲ್ವಾ?’ ಎಂದು ಅವನು ನಿಜವಾದ ಕಾಳಜಿಯಿಂದಲೇ ಕೇಳಿದ. ಉತ್ತರ ಹೇಳುವಷ್ಟರಲ್ಲಿ ಬಸ್ಸು ಬಂತು. ಆ ಉತ್ತರವನ್ನು ಈಗ ನಿಮ್ಮ ಮುಂದೆ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಕರೆದದ್ದು ಪರಿಚಯದವರ ಮನೆಯ ಹುಡುಗಿ. ಓದಿದ್ದು ಎಂಜಿನಿಯರಿಂಗು, ಜೀವಕ್ಕೆ ಹತ್ತಿಸಿಕೊಂಡಿದ್ದು ವಿಯೋಲ. ವಿಯೋಲ ಎಂದರೆ ಪಿಟೀಲಿನ ಅಕ್ಕ ಅನ್ನಿ. ಮೈ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ದಪ್ಪ. ‘ರಾಮನವಮಿ ಕಚೇರಿಗೆಲ್ಲ ತಪ್ಪದೆ ಹೋಗ್ತೀರಲ್ಲ, ಇದಕ್ಕೂ ಒಂದು ಸಲ ಬನ್ನಿ. ಇದರಲ್ಲಿ ನಂದು ನಾಯಿ ಪಾತ್ರ’ ಎಂದಳು. ಸಂಗೀತ ಕಚೇರಿಯಲ್ಲಿ ನಾಯಿ ಪಾತ್ರ ಎಂದರೆ ಏನು ಎಂದು ನೋಡುವುದಕ್ಕಾದರೂ ಹೋಗಬೇಕು ಅನ್ನಿಸಿತು.

ಕಚೇರಿ ಇದ್ದದ್ದು ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ನಲ್ಲಿ. ಕಬ್ಬನ್ ಪಾರ್ಕಿನ ಕಡೆಯಿಂದ ಬಂದರೆ ರಸ್ತೆಯ ಮೊದಲಿಗೇ, ಮರಗಳ ಮರೆಯಲ್ಲಿ ಗುಮ್ಮಟ ಹೊತ್ತು ನಿಂತಿದೆ. ದಂಡಿನ ಸಿಪಾಯಿಗಳಿಗೂ ಅಧಿಕಾರಿಗಳಿಗೂ ಪ್ರಾರ್ಥನೆಗೊಂದು ಜಾಗ ಬೇಕೆಂದು 1808ರಲ್ಲಿ ಕಟ್ಟಲು ತೊಡಗಿ 1812ಕ್ಕೆ ಮುಗಿಸಿದರು. 1816ರಲ್ಲಿ ಕಲ್ಕತ್ತೆಯ ಬಿಷಪ್ಪರು ಬಂದು ಪ್ರತಿಷ್ಠೆ ಮಾಡಿದರು. 1923ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಗಿ, ಮತ್ತೆ ಕಟ್ಟಿ 1927ರಲ್ಲಿ ಬಾಗಿಲು ತೆರೆದರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದೆನ್ನುತ್ತಾರೆ. ಆ ರಸ್ತೆಯಲ್ಲಿ ನಾನು ನೂರು ಸಲ ಓಡಾಡಿದ್ದೇನೆ. ಒಳಗೆ ಹೋಗಿರಲಿಲ್ಲ. ನಮ್ಮದಲ್ಲದ ಮನೆ ಎಂಬ ಒಂದು ಸಂಕೋಚ.

ಸಂಕೋಚ ಬಾಗಿಲಲ್ಲೇ ಎದುರಾಯಿತು. ಅಭ್ಯಾಸಬಲದಿಂದ ಚಪ್ಪಲಿ ಬಿಡಲು ಜಾಗ ಹುಡುಕಿದೆ. ಉಳಿದವರೆಲ್ಲ ಬೂಟು ಮೆಟ್ಟಿಕೊಂಡೇ ಒಳಗೆ ಹೋಗುತ್ತಿದ್ದರು. ನಾನೂ ಹಿಂಬಾಲಿಸಿದೆ. ಒಳಗೆ ಬೆಳ್ಳಗಿನ ಗೋಡೆ, ಮೇಲೆ ಕಮಾನು, ಎದುರಿಗೆ ಬಣ್ಣದ ಗಾಜು, ಕೂರಲು ಮರದ ಉದ್ದನೆಯ ಬೆಂಚು. ಬೆಂಚಿಗೆ ಮೆತ್ತೆ ಇಲ್ಲ. ಈ ಮೆತ್ತೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೂತ ತಕ್ಷಣ ನಾನು ಹುಡುಕಿದ್ದು ಮೈಕನ್ನು. ನಮ್ಮಲ್ಲಿ ಕಚೇರಿಗೆ ಮೊದಲು ಅದೊಂದು ಶಾಸ್ತ್ರವಿರುತ್ತದೆ. ಪಿಟೀಲಿನವರು ‘ನನಗೆ ಸ್ವಲ್ಪ ಜಾಸ್ತಿ ಮಾಡಿ’ ಎನ್ನುತ್ತಾರೆ. ಮೃದಂಗದವರು ಬೆರಳಿನಲ್ಲಿ ಮೇಲೆ ತೋರಿಸುತ್ತಾರೆ. ಹಿಂದೆ ಕೂತ ಹುಡುಗ ಯಾವುದೋ ಗುಂಡಿ ತಿರುಗಿಸಿ ‘ಕುಂಯ್’ ಎನ್ನಿಸುತ್ತಾನೆ. ಇಲ್ಲಿ ಹಾಗೇನೂ ಇಲ್ಲ. ಹದಿನಾಲ್ಕು ಕುರ್ಚಿ, ಹಾಳೆ ಇಡಲು ಹದಿನಾಲ್ಕು ಕಬ್ಬಿಣದ ಸ್ಟ್ಯಾಂಡು. ವೈರು ಎಂಬುದು ಒಂದೂ ಇಲ್ಲ. ಅಷ್ಟು ದೊಡ್ಡ ಜಾಗ, ಮುನ್ನೂರಕ್ಕೆ ಕಮ್ಮಿ ಇಲ್ಲದ ಜನ. ಕೊನೆಯ ಬೆಂಚಿಗೆ ಏನು ಕೇಳಿಸೀತು ಎಂದು ನನಗೇ ಆತಂಕವಾಯಿತು.

ಹದಿನಾಲ್ಕು ಮಂದಿ ಬಂದರು. ಎಂಟು ಪಿಟೀಲು, ಮೂರು ವಿಯೋಲ, ಮಂಡಿಗಳ ನಡುವೆ ಇಟ್ಟು ನುಡಿಸುವ ಚೆಲ್ಲೋ ಎರಡು, ನಿಂತೇ ನುಡಿಸಬೇಕಾದ ಡಬಲ್ ಬಾಸ್ ಒಂದು. ಎಲ್ಲವೂ ತಂತಿಯವೇ. ಒಂದು ತಂತಿಗುಟುಂಬದ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಫೋಟೋ ತೆಗೆಸಿಕೊಳ್ಳಲು ನಿಂತ ಹಾಗಿತ್ತು. ಚೇಂಬರ್ ಆರ್ಕೆಸ್ಟ್ರಾ ಎಂದರೆ ಇದು. ಚೇಂಬರ್ ಎಂದರೆ ಕೋಣೆ. ಯೂರೋಪಿನ ದೊರೆಗಳ ಮನೆಯ ಕೋಣೆಯಲ್ಲಿ ಹಿಡಿಸುವಷ್ಟು ಜನ, ಆ ಕೋಣೆಗೆ ಸಾಕಾಗುವಷ್ಟು ದನಿ. ನೂರು ಜನರ ದೊಡ್ಡ ಮೇಳದ ಮುಂದೆ ಕೋಲು ಹಿಡಿದು ಕೈ ಬೀಸುವವರನ್ನು ಸಿನಿಮಾದಲ್ಲಿ ನೋಡಿರುತ್ತೀರಿ. ಇಲ್ಲಿ ಅವರೂ ಇರಲಿಲ್ಲ. ಮೊದಲ ಕುರ್ಚಿಯ ಪಿಟೀಲಿನಾಕೆ ತಲೆ ತುಸು ಎತ್ತಿ ಉಸಿರೆಳೆದುಕೊಂಡಳು. ಉಳಿದ ಹದಿಮೂರು ಮಂದಿಯೂ ಅದೇ ಉಸಿರೆಳೆದುಕೊಂಡರು. ಹದಿನಾಲ್ಕು ಕಮಾನು ಒಟ್ಟಿಗೆ ತಂತಿಗೆ ತಾಗಿದವು.

ಕೇಳಿಸಿತೇ ಎಂದಿರಾ? ಮರದ ಬೆಂಚಿನ ಮೂಲಕ ನನ್ನ ಬೆನ್ನಿಗೆ ಬಂತು.

ಮೊದಲು ನುಡಿಸಿದ್ದು ಬಾಖ್‌ನ ಒಂದು ನಿಧಾನದ ತುಣುಕು. ಯೋಹಾನ್ ಸೆಬಾಸ್ಟಿಯನ್ ಬಾಖ್ ಜರ್ಮನಿಯವನು, 1685ರಿಂದ 1750ರವರೆಗೆ ಬದುಕಿದ್ದವನು. ಬದುಕಿನ ಕೊನೆಯ 27 ವರ್ಷ ಲೈಪ್‌ಜಿಗ್ ಊರಿನ ಚರ್ಚುಗಳ ಸಂಗೀತ ನೋಡಿಕೊಂಡವನು. ಕೆಳಗಿನ ತಂತಿಗಳು ಮೆಟ್ಟಿಲಿಳಿಯುವ ಮುದುಕನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತವೆ. ಮೇಲೆ ಪಿಟೀಲು ಒಂದೇ ಸ್ವರವನ್ನು ಹಿಡಿದು ಬಿಡದೆ ಎಳೆಯುತ್ತದೆ. ರಾಗ ಯಾವುದು ಎಂದು ಹುಡುಕುವ ಚಾಳಿ ನನಗೆ. ಎರಡು ನಿಮಿಷ ಹುಡುಕಿದೆ, ಆಮೇಲೆ ಬಿಟ್ಟೆ. ಆ ಸಂಗೀತದಲ್ಲಿ ಒಂದು ರಾಗದ ವಿಸ್ತಾರವಿಲ್ಲ. ಬೇರೆ ಬೇರೆ ಸ್ವರಗಳು ಒಂದೇ ಕ್ಷಣದಲ್ಲಿ ಒಟ್ಟಿಗೆ ನಿಂತು ಒಂದನ್ನೊಂದು ತಾಳಿಕೊಳ್ಳುತ್ತವೆ. ತುಂಬಿದ ಸಂಸಾರದ ಮನೆ ಇದ್ದಂತೆ.

ಮುಂದಿನದು ವಿವಾಲ್ಡಿಯ ‘ನಾಲ್ಕು ಋತುಗಳು’. ಈ ಆಂಟೋನಿಯೋ ವಿವಾಲ್ಡಿ ವೆನಿಸ್ಸಿನ ಪಾದ್ರಿ. ತಲೆಗೂದಲು ಕೆಂಪಾಗಿದ್ದರಿಂದ ಊರವರು ‘ಕೆಂಪು ಪಾದ್ರಿ’ ಎನ್ನುತ್ತಿದ್ದರಂತೆ. ಪಾದ್ರಿಗಳು ಬಯ್ಯುವುದಿಲ್ಲವೇ ಎಂದ ನನ್ನ ಗೆಳೆಯನಿಗೆ ಇದೇ ಉತ್ತರ: ಬರೆದವನೇ ಪಾದ್ರಿ! 1703ರಿಂದ ಅವನು ವೆನಿಸ್ಸಿನ ಒಂದು ಅನಾಥಾಲಯದ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದ. ಹೆತ್ತವರು ಬಿಟ್ಟುಹೋದ ಮಕ್ಕಳು. ಅವರು ಅಲ್ಲಿನ ಪ್ರಾರ್ಥನಾಮಂದಿರದ ಮೇಲುಪ್ಪರಿಗೆಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ಕೂತು ನುಡಿಸುತ್ತಿದ್ದರು. ಕೆಳಗೆ ಕೂತವರಿಗೆ ಮುಖ ಕಾಣುತ್ತಿರಲಿಲ್ಲ, ಸಂಗೀತ ಮಾತ್ರ ಕೇಳುತ್ತಿತ್ತು. ಅದನ್ನು ಕೇಳಲು ದೇಶದೇಶಗಳಿಂದ ಜನ ಬರುತ್ತಿದ್ದರು.

‘ನಾಲ್ಕು ಋತುಗಳು’ 1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಒಂದೊಂದು ಋತುವಿಗೂ ಒಂದೊಂದು ಪದ್ಯ ಜೊತೆಗಿದೆ. ಪದ್ಯದಲ್ಲಿ ಏನಿದೆಯೋ ಅದನ್ನೇ ತಂತಿ ನುಡಿಯುತ್ತದೆ. ವಸಂತದ ನಡುಭಾಗದಲ್ಲಿ ಮೇಕೆ ಕಾಯುವವನು ಹುಲ್ಲಿನ ಮೇಲೆ ಮಲಗಿ ನಿದ್ದೆಹೋಗಿದ್ದಾನೆ. ಎಲೆಗಳು ಪಿಸುಗುಟ್ಟುತ್ತಿವೆ, ಅದು ಪಿಟೀಲುಗಳ ಕೆಲಸ. ಪಕ್ಕದಲ್ಲಿ ಅವನ ನಾಯಿ ‘ಬವ್ ಬವ್’ ಎನ್ನುತ್ತಿದೆ. ಅದು ವಿಯೋಲ! ನಮ್ಮ ಹುಡುಗಿ ಕಮಾನನ್ನು ಒತ್ತಿ ಒತ್ತಿ ಬೊಗಳುತ್ತಾ, ಬೆಂಚಿನಲ್ಲಿ ಕೂತ ನನ್ನ ಕಡೆಗೊಂದು ಓರೆನೋಟ ಎಸೆದಳು. ನಾನು ನಗು ತಡೆದುಕೊಂಡೆ.

ಆದರೆ ಗ್ರೀಷ್ಮ ಬಂದಾಗ ನಗು ನಿಂತಿತು. ಬಿಸಿಲಿಗೆ ಮನುಷ್ಯರೂ ಕುರಿಮಂದೆಯೂ ಬಸವಳಿದು ಬಿದ್ದಿರುವುದರಿಂದ ಅದು ಶುರುವಾಗುತ್ತದೆ. ತಂತಿಗಳು ಎರಡು ಸ್ವರ ನುಡಿದು ನಿಲ್ಲುತ್ತವೆ, ಮತ್ತೆರಡು ನುಡಿದು ಮತ್ತೆ ನಿಲ್ಲುತ್ತವೆ. ಬಾಯಾರಿ ಏದುಸಿರು ಬಿಡುವ ಕುರಿಯ ಪಕ್ಕೆ ಏರಿಳಿದಂತೆ. ಎಲ್ಲೋ ಒಂದು ಕೋಗಿಲೆ. ದೂರದಲ್ಲಿ ಗುಡುಗು. ಕುರಿ ಕಾಯುವವನು ಮೋಡ ನೋಡಿ ಹೆದರಿ ಅಳುತ್ತಾನೆ. ಕೊನೆಗೆ ಅವನು ಹೆದರಿದ್ದೇ ಆಗುತ್ತದೆ. ಬಿರುಗಾಳಿ, ಆಲಿಕಲ್ಲು, ತೆನೆಗಟ್ಟಿದ ಪೈರು ನೆಲಕ್ಕೆ.

ಇದನ್ನು ವೆನಿಸ್ಸಿನ ಪಾದ್ರಿ ನೀರಿನ ನಡುವಿನ ಊರಲ್ಲಿ ಕೂತು ಬರೆದ. ನಮ್ಮ ಶಿರಾ, ಮಧುಗಿರಿ, ಪಾವಗಡದ ಬಯಲಿನಲ್ಲಿ ಅದಕ್ಕೆ ಅರ್ಥ ಹೇಳಿಕೊಡಬೇಕಾದ್ದಿಲ್ಲ. ಕಡಲೆಕಾಯಿ ಬಿತ್ತಿ ಮುಗಿಲು ನೋಡಿದವರಿಗೆ ಗೊತ್ತು, ಹುಣಸೆಮರದ ನೆರಳಲ್ಲಿ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆಯಿಟ್ಟು ನಿಂತದ್ದನ್ನು ಕಂಡವರಿಗೂ ಗೊತ್ತು. ನಮ್ಮ ಸೀಮೆಯ ಕಾಡುಗೊಲ್ಲರಿಗೆ ಜುಂಜಪ್ಪ ಎಂಬ ವೀರನಿದ್ದಾನೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡೆ ಇದೆ. ಅವನ ಕಥೆಯನ್ನು ರಾತ್ರಿಯಿಡೀ ಹಾಡುವಾಗ ಜೊತೆಗೆ ಬಿದಿರಿನ ಉದ್ದನೆಯ ಗಣೆ ಊದುತ್ತಾರೆ. ಕೆಥೆಡ್ರಲ್‌ನ ಬೆಂಚಿನಲ್ಲಿ ಕೂತ ನನಗೆ ಆ ವೆನಿಸ್ಸಿನ ಕುರುಬ ಹುಡುಗ ಬಹಳ ಪರಿಚಯದವನು ಅನ್ನಿಸಿತು. ನಮ್ಮದಲ್ಲದ ಮನೆ ಎಂಬ ಸಂಕೋಚ ಎಲ್ಲಿ ಹೋಯಿತೋ.

ಅದು ಹೋದ ಸಂಭ್ರಮದಲ್ಲೇ ಒಂದು ಎಡವಟ್ಟು ಮಾಡಿದೆ. ಗ್ರೀಷ್ಮದ ಮೊದಲ ಭಾಗ ಮುಗಿದದ್ದೇ ತಡ, ಜೋರಾಗಿ ಚಪ್ಪಾಳೆ ತಟ್ಟಿದೆ. ಮುನ್ನೂರು ಜನರಲ್ಲಿ ನಾನೊಬ್ಬನೇ! ನನ್ನ ಚಪ್ಪಾಳೆ ಗುಮ್ಮಟದವರೆಗೂ ಹೋಗಿ ನಿಧಾನವಾಗಿ ಇಳಿದು ಬಂತು. ಒಂದು ಕೃತಿಯ ಭಾಗಗಳ ನಡುವೆ ತಟ್ಟಬಾರದಂತೆ, ಪೂರ್ತಿ ಮುಗಿದ ಮೇಲೆ ತಟ್ಟಬೇಕಂತೆ. ಪಕ್ಕದ ವೃದ್ಧೆ ನನ್ನ ಕಡೆ ತಿರುಗಿ ಮೆಲ್ಲಗೆ ನಕ್ಕರು. ‘ಭಲೇ’ ಎನ್ನದೆ, ತೊಡೆಯ ಮೇಲೆ ತಾಳ ಹಾಕದೆ ಕೂರುವುದು ನಮಗೆ ಕಷ್ಟವೇ. ಆದರೂ ಕೂತೆ. ಹಾಗೆ ಕೂತಾಗಲೇ ನನಗೆ ಗೊತ್ತಾದದ್ದು, ಆ ಕಟ್ಟಡವೂ ನುಡಿಯುತ್ತಿತ್ತು. ಕಮಾನು ತಂತಿ ಬಿಟ್ಟ ಮೇಲೂ ದನಿ ಒಂದೆರಡು ಗಳಿಗೆ ಗಾಳಿಯಲ್ಲಿ ನಿಂತಿರುತ್ತಿತ್ತು. ನುಡಿಸುವವರು ಅದು ಇಳಿಯುವವರೆಗೆ ಕಾದು ಮುಂದಕ್ಕೆ ಹೋಗುತ್ತಿದ್ದರು.

ಬಿಜಾಪುರದ ಗೋಲಗುಮ್ಮಟಕ್ಕೆ ಶಾಲೆಯ ಪ್ರವಾಸ ಹೋದವರೆಲ್ಲ ಅಲ್ಲಿ ಕೂಗಿಯೇ ಇರುತ್ತೀರಿ. ಕೂಗಿದ್ದು ಏಳೇಳು ಸಲ ತಿರುಗಿ ಬರುತ್ತದೆ. ಕೂಗಲು ಅದು ಚೆಂದ, ಆದರೆ ಅಲ್ಲಿ ಒಂದು ಸ್ವರ ಮುಗಿಯುವುದರೊಳಗೆ ಇನ್ನೊಂದು ಬಂದು ಎಲ್ಲವೂ ಕಲಸುಮೇಲೋಗರವಾದೀತು. ಅನುರಣನ ಅತಿಯಾದರೆ ಗೊಂದಲ, ಇಲ್ಲವೇ ಇಲ್ಲದಿದ್ದರೆ ಸಪ್ಪೆ. ಇದಕ್ಕೊಂದು ಲೆಕ್ಕವಿದೆ ಎಂದು ಕಂಡುಹಿಡಿದವನು ಅಮೆರಿಕದ ಹಾರ್ವರ್ಡಿನ ಮೇಷ್ಟ್ರು ವ್ಯಾಲೇಸ್ ಸಬೀನ್. 1895ರಲ್ಲಿ ಅವನ ವಿಶ್ವವಿದ್ಯಾನಿಲಯದ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗೋಡೆಯಿಂದ ಗೋಡೆಗೆ ಅಲೆಯುತ್ತಿತ್ತು. ಸಬೀನ್ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಬೆಂಚಿನ ಮೆತ್ತೆಗಳನ್ನು ಹೊರಿಸಿಕೊಂಡು ಬಂದು ಕೊಠಡಿಯಲ್ಲಿ ಹರಡುವುದು, ಒಂದು ಆರ್ಗನ್ ಕೊಳವೆ ಊದಿಸಿ ದನಿ ಸಾಯುವವರೆಗಿನ ಸಮಯವನ್ನು ಗಡಿಯಾರ ಹಿಡಿದು ಅಳೆಯುವುದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಸ್ವಸ್ಥಾನಕ್ಕೆ ಸೇರಿಸುವುದು, ಹೀಗೆ ಮಾಡಿದ. ಆ ಲೆಕ್ಕದ ಮೇಲೆಯೇ 1900ರಲ್ಲಿ ಬಾಸ್ಟನ್ ನಗರದ ಪ್ರಸಿದ್ಧ ಸಂಗೀತ ಭವನ ಎದ್ದಿತು.

ಆ ಮೆತ್ತೆಗಳ ಲೆಕ್ಕದಲ್ಲಿ ಅವನು ಇನ್ನೊಂದನ್ನೂ ಕಂಡ. ಕೊಠಡಿಯಲ್ಲಿ ಒಬ್ಬ ಮನುಷ್ಯ ಬಂದು ಕೂತರೆ, ದನಿಯನ್ನು ಹೀರಿಕೊಳ್ಳುವುದರಲ್ಲಿ ಅವನು ಸುಮಾರು ಆರು ಮೆತ್ತೆಗೆ ಸಮ! ಸೇಂಟ್ ಮಾರ್ಕ್ಸ್‌ನ ಬೆಂಚಿಗೆ ಮೆತ್ತೆ ಇಲ್ಲದಿದ್ದರೂ ಪರವಾಗಿಲ್ಲ, ನಾವಿದ್ದೆವಲ್ಲ. ಕೇಳಲು ಬಂದವರ ಮೈ ಕೂಡ ಆ ವಾದ್ಯದ ಒಂದು ಭಾಗ. ಖಾಲಿ ಕೆಥೆಡ್ರಲ್‌ನಲ್ಲಿ ಅದೇ ಹದಿನಾಲ್ಕು ಮಂದಿ ನುಡಿಸಿದರೆ ಬೇರೆಯೇ ಸಂಗೀತ ಕೇಳುತ್ತದೆ. ಕೆಮ್ಮನ್ನು ಗಂಟಲಲ್ಲೇ ಹಿಡಿದು, ಮೊಬೈಲು ಆರಿಸಿ, ಮುಂದಕ್ಕೆ ಬಾಗಿ ಕೂತ ಮುನ್ನೂರು ಜನ ಸುಮ್ಮನೆ ಕೂತಿರಲಿಲ್ಲ, ಕೆಲಸ ಮಾಡುತ್ತಿದ್ದರು.

ಬಿಡುವಿನಲ್ಲಿ ಹುಡುಗಿ ಬಂದು ತನ್ನ ವಾದ್ಯ ತೋರಿಸಿದಳು. ಮೇಲ್ಮೈಯ ಎರಡು ಬಾಗಿದ ಸೀಳಿನಲ್ಲಿ ಒಂದರೊಳಗೆ ಇಣುಕಿದರೆ, ಒಳಗೊಂದು ಕಿರುಬೆರಳಿನಷ್ಟು ಕಡ್ಡಿ ನಿಂತಿದೆ. ಅಂಟು ಹಾಕಿಲ್ಲ, ಮೊಳೆ ಇಲ್ಲ. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಬರೀ ಒತ್ತಡದ ಮೇಲೆ ನಿಂತಿದೆ. ತಂತಿಯ ನಡುಕವನ್ನು ಹಿಂದಿನ ಹಲಗೆಗೆ ಮುಟ್ಟಿಸುವುದು ಅದೇ. ಕೂದಲೆಳೆಯಷ್ಟು ಜರುಗಿದರೂ ದನಿ ಬದಲಾಗುತ್ತದೆ. ಇಟಲಿಯವರು ಆ ಕಡ್ಡಿಯನ್ನು ‘ಆನಿಮಾ’ ಎನ್ನುತ್ತಾರೆ. ಅಂದರೆ ಆತ್ಮ. ನಮ್ಮ ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಒಂದು ಎಳೆ ದಾರ ಇಡುತ್ತೇವೆ, ಝೇಂಕಾರ ಬರುವುದು ಅದರಿಂದ. ಅದಕ್ಕೆ ನಮ್ಮವರ ಹೆಸರು ಜೀವಾಳಿ. ಅವರೂ ನಾವೂ ಪರಸ್ಪರ ಕೇಳಿಕೊಳ್ಳದೆಯೇ, ಕಣ್ಣಿಗೆ ಬೀಳದಷ್ಟು ಸಣ್ಣದಕ್ಕೆ ಜೀವದ ಹೆಸರನ್ನೇ ಇಟ್ಟಿದ್ದೇವೆ.

ಪಿಟೀಲೂ ಅಷ್ಟೆ, ಈಗ ಅವರದ್ದೆಂದು ಹೇಳಲಾಗುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿಯನ್ನರಿಂದ ಅದನ್ನು ಕಲಿತು ನಮ್ಮ ಕಚೇರಿಗೆ ತಂದರು. ನೆಲದ ಮೇಲೆ ಕೂರಿಸಿದೆವು. ತಂತಿಗಳನ್ನು ಷಡ್ಜ ಪಂಚಮಕ್ಕೆ ಇಳಿಸಿಕೊಂಡೆವು, ತಲೆಯನ್ನು ಪಾದದ ಮೇಲೆ ಇಟ್ಟುಕೊಂಡೆವು. ನಮ್ಮ ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಅದಕ್ಕೆ ಇನ್ನೂ ಮೂರು ತಂತಿ ಕಟ್ಟಿ ಏಳು ಮಾಡಿದರು. ಏಕೆ ಗೊತ್ತೇ? ಮೈಕು ಇಲ್ಲದ ಕಾಲ, ಪಿಟೀಲಿನ ದನಿ ಕಡೆಯ ಸಾಲಿನವರಿಗೆ ಮುಟ್ಟುತ್ತಿರಲಿಲ್ಲ. ಮುಟ್ಟಿಸಲು ಅವರು ವಾದ್ಯದ ಒಳಗೇ ದಾರಿ ಹುಡುಕಿದರು. ಅವರು 1967ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 1980ರಲ್ಲಿ ಬೆಂಗಳೂರಿನಲ್ಲಿ ಎದ್ದ ಭವನ ಪಿಟೀಲಿನ ಆಕಾರದಲ್ಲೇ ಇದೆ.

ಪಾಶ್ಚಾತ್ಯ ಸಂಗೀತಕ್ಕೂ ನಮ್ಮವರು ಹೊರಗಿನವರಲ್ಲ. ತೊಂಬತ್ತಕ್ಕೂ ಹೆಚ್ಚು ಕೃತಿ ಕಟ್ಟುವ ಮುನ್ನ ಎಳೆಯ ವಯಸ್ಸಿನ ಪಿಯಾನೋ ಪ್ರೀತಿಯನ್ನೇ ಬೆಳೆಸಿಕೊಂಡಿದ್ದವರು ಜಯಚಾಮರಾಜ ಒಡೆಯರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದು ಅವರ ಹಣದ ಆಸರೆಯಿಂದ. ಬೆಂಗಳೂರಿನಲ್ಲಿ 1987ರಲ್ಲಿ ಅರುಣಾ ಸುಂದರ್‌ಲಾಲ್ ಅವರು ತೆರೆದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಈ ವಿದ್ಯೆಯನ್ನು ಸಾಮಾನ್ಯರ ಮಕ್ಕಳಿಗೂ ಹತ್ತಿರ ಮಾಡಿತು. ಇಷ್ಟೂ ಬೇಡ, ದೂರದರ್ಶನದ ಕಾಲದಿಂದ ಟೈಟನ್ ಗಡಿಯಾರದ ಜಾಹೀರಾತಿನ ರಾಗವನ್ನು ಗುನುಗದವರು ಯಾರಿದ್ದೀರಿ? ಅದು ಮೊಜಾರ್ಟ್‌ನ 25ನೆಯ ಸಿಂಫನಿ.

ಬಿಡುವಿನ ನಂತರ ಶಿಶಿರ. ಅದರ ನಡುಭಾಗದಲ್ಲಿ ಒಬ್ಬ ಪಿಟೀಲಿನವನು ಒಲೆಯ ಮುಂದೆ ಬೆಚ್ಚಗೆ ಕೂತವನಂತೆ ಹಾಡುತ್ತಾನೆ. ಉಳಿದ ಪಿಟೀಲುಗಳು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತವೆ. ಹೊರಗೆ ಮಳೆ. ಟಪ ಟಪ ಟಪ. ನಮ್ಮೂರಿನ ಹೆಂಚಿನ ಮೇಲೆ ಬೀಳುವ ಮೊದಲ ಹನಿಗಳ ಹಾಗೆಯೇ. ಆ ಮೀಟನ್ನು ಕೇಳುತ್ತಿದ್ದ ಹಾಗೆ ನನಗೆ ಬೇರೊಂದು ತಂತಿ ನೆನಪಾಯಿತು. ಅಷ್ಟು ಹೊತ್ತು ಚೆನ್ನಾಗಿದ್ದವನ ಗಂಟಲು ಕಟ್ಟಿತು.

ಅದು ನನ್ನ ಸೋದರಮಾವನ ಏಕತಾರಿ. ಹುಲಿಕುಂಟೆ ಹೋಬಳಿಯ ನಮ್ಮ ಹಳ್ಳಿಯ ಭಜನೆಮನೆಯಲ್ಲಿ ಸೋಮವಾರ ಸೋಮವಾರ ಮಾವ ತತ್ವಪದ ಹಾಡುತ್ತಿದ್ದರು. ಶಿಶುನಾಳ ಶರೀಫರದು, ಕೈವಾರದ ತಾತಯ್ಯನವರದು, ಯಾರದೆಂದು ಅವರಿಗೂ ಗೊತ್ತಿಲ್ಲದವು. ಹತ್ತಡಿಗೆ ಇಪ್ಪತ್ತಡಿಯ ಮಣ್ಣಿನ ಗೋಡೆಯ ಮನೆ. ಒಂದೇ ತಂತಿ, ಒಂದೇ ಬೆರಳು. ಮಾವ ಮೆಲ್ಲಗೆ ಹಾಡುತ್ತಿದ್ದರು. ಜನ ಅವರ ಸುತ್ತ ಒತ್ತಾಗಿ ಕೂರುತ್ತಿದ್ದರು. ಕೇಳಬೇಕಾದರೆ ಹತ್ತಿರ ಬರಬೇಕಿತ್ತು.

1983ರಲ್ಲಿ ನಾವು ನಾಲ್ಕು ಜನ ಹುಡುಗರು, ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದವರು, ಊರಿಗೆ ಏನಾದರೂ ಒಳ್ಳೆಯದು ಮಾಡಬೇಕೆಂದು ಹೊರಟೆವು. ಮನೆ ಮನೆಗೆ ಹೋಗಿ ಚಂದಾ ಎತ್ತಿದೆವು. ಒಂದು ಆಂಪ್ಲಿಫೈಯರು, ಒಂದು ಮೈಕು, ಎರಡು ತುತ್ತೂರಿ ಸ್ಪೀಕರು ತಂದೆವು. ತುತ್ತೂರಿಗಳನ್ನು ಬೇವಿನಮರಕ್ಕೆ ಕಟ್ಟಿದೆವು. ಮುಂದಿನ ಸೋಮವಾರ ಮಾವನನ್ನು ಮೈಕಿನ ಮುಂದೆ ಕೂರಿಸಿ, ‘ಇನ್ನೂ ಹತ್ತಿರ ಬಾ ಮಾವ, ಬಾಯಿ ತಾಗಬೇಕು’ ಎಂದು ಹೇಳಿಕೊಟ್ಟವನು ನಾನೇ. ಹೆಮ್ಮೆಯೋ ಹೆಮ್ಮೆ. ಊರಾಚೆಯ ಹೊಲದವರೆಗೂ ಕೇಳಿಸಿತು.

ಏಕತಾರಿ ಮಾತ್ರ ಕೇಳಿಸಲಿಲ್ಲ. ಮೈಕಿನಲ್ಲಿ ಅದು ಬರೀ ‘ಗೊಂಯ್’ ಆಗುತ್ತಿತ್ತು. ಮುಂದೆ ಹಾರ್ಮೋನಿಯಂ ಬಂತು, ದೊಡ್ಡ ತಾಳ ಬಂತು. ಹತ್ತಿರ ಕೂರುವ ಅಗತ್ಯ ಯಾರಿಗೂ ಇರಲಿಲ್ಲ. ಮನೆಯ ಜಗಲಿಯಲ್ಲೇ ಕೂತು ಕೇಳಿಸಿಕೊಂಡರು, ಆಮೇಲೆ ಕೇಳಿಸಿಕೊಳ್ಳದೆಯೂ ಕೂತರು. ಕೆಲವು ವಾರಕ್ಕೆ ಮಾವ ಹಿಂದಿನ ಗೋಡೆಗೊರಗಿ ಕೂರತೊಡಗಿದರು. ‘ಯಾಕೆ ಮಾವ, ಹಾಡಲ್ವಾ?’ ಎಂದರೆ, ‘ನನ್ನ ಪದ ನನಗೇ ಕೇಳಾಕಿಲ್ಲ ಕಣಪ್ಪ’ ಎಂದರು. ಅದು ದೂರಲ್ಲ. ಇದ್ದದ್ದು ಹೇಳಿದರು, ಅಷ್ಟೆ. ನಾನು ನಕ್ಕು ಬಿಟ್ಟೆ. ಮುಂದೆ ಹದಿಮೂರು ವರ್ಷ ಬದುಕಿದ್ದರು. ಅವರು ಹಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ಅವರ ಒಂದು ಪದವನ್ನೂ ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಕೆಥೆಡ್ರಲ್‌ನಲ್ಲಿ ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಸಲ ನಾನು ತಡವಾಗಿ ತಟ್ಟಿದೆ. ‘ಹೇಗಿತ್ತು ನನ್ನ ನಾಯಿ?’ ಎಂದು ಹುಡುಗಿ ಓಡಿ ಬಂದು ಕೇಳಿದಳು. ‘ಕಚ್ಚಿತಮ್ಮ’ ಎಂದೆ. ಅವಳಿಗೆ ತಮಾಷೆಯಾಗಿ ಕೇಳಿಸಿತು.

ಮೈಕನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಸಾವಿರ ಜನರ ಸಭೆಗೆ ಅದು ಬೇಕು. ಮೈಕು ಬಂದ ಮೇಲೆ ಮೆಲುದನಿಯ ಹಾಡುಗಾರರೂ ಬೆಳಕಿಗೆ ಬಂದರು ಎಂಬುದೂ ನಿಜ. ಆದರೆ ನಲವತ್ತು ಜನರ ಭಜನೆಮನೆಗೆ ಅದನ್ನು ತಂದು ನಾವು ನಲವತ್ತು ಜನರ ಕೆಲಸ ಕಿತ್ತುಕೊಂಡೆವು. ಹತ್ತಿರ ಬರುವ ಕೆಲಸ, ಸದ್ದು ಮಾಡದಿರುವ ಕೆಲಸ. ಅದನ್ನು ಆ ಕೆಥೆಡ್ರಲ್‌ನವರು ಇನ್ನೂ ಬಿಟ್ಟಿಲ್ಲ. ನೀವು ಬೆಂಗಳೂರಿನಲ್ಲಿದ್ದು ಇಂಥ ಕಚೇರಿಯ ಸುದ್ದಿ ಕಿವಿಗೆ ಬಿದ್ದರೆ ಸಂಕೋಚಪಡದೆ ಹೋಗಿ. ಚಪ್ಪಲಿ ಬಿಡಬೇಕಿಲ್ಲ. ಪಕ್ಕದವರು ಚಪ್ಪಾಳೆ ತಟ್ಟಿದಾಗ ನೀವೂ ತಟ್ಟಿದರಾಯಿತು.

ಕಳೆದ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಜಾಗರಣೆಯ ಭಜನೆ ನಡೆದಿತ್ತು. ಈಗಿನದು ಹೊಸ ಕಟ್ಟಡ, ಸ್ಪೀಕರೂ ಹೊಸದು. ನಡುರಾತ್ರಿ ಕರೆಂಟು ಹೋಯಿತು. ಹಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಕರೆಂಟು ಬರಲಿ ಎಂದು ಎಲ್ಲರೂ ಕತ್ತಲಲ್ಲಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿದ್ದ ಮುದುಕಿಯೊಬ್ಬಳು ತಾನಾಗಿ ಒಂದು ಪದ ಎತ್ತಿದಳು. ಬಾಗಿಲ ಬಳಿ ಇದ್ದವರು ಕೇಳಿಸುವುದಿಲ್ಲವೆಂದು ಕೂತಲ್ಲೇ ಒಂದು ಮಾರು ಮುಂದಕ್ಕೆ ಜರುಗಿದರು. ಅದು ಮಾವನ ಪದ. ಎರಡನೆಯ ನುಡಿಗೆ ಬರುವುದರೊಳಗೆ ದೀಪ ಹತ್ತಿತು, ಸ್ಪೀಕರು ಗೊರಗೊರ ಎಂದಿತು. ಒಬ್ಬ ಹುಡುಗ ಮೈಕು ಹಿಡಿದುಕೊಂಡು ಅವಳ ಹತ್ತಿರ ಓಡಿದ.

ನಾನು ಎದ್ದು ಅವನ ಕೈ ಹಿಡಿದುಕೊಂಡೆ. ‘ಯಾಕೆ ತಾತ?’ ಎಂದ. ‘ಇದೊಂದು ಪದ ಹಿಂಗೇ ಆಗ್ಲಿ ಕಣಪ್ಪ’ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೆ ಮೈಕು ಕೆಳಗಿಟ್ಟು ಅಲ್ಲೇ ಕೂತ. ಮುದುಕಿ ಎರಡನೆಯ ನುಡಿಯನ್ನು ಮೊದಲಿನಿಂದ ಎತ್ತಿಕೊಂಡಳು.